ಅಲಿ ಕರೀಮಿ: ಸಿಟ್ಟು ಬೇರೆ, ನಿಲುವು ಬೇರೆ

ಪ್ರಶ್ನೆ: 2015ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಇರಾನ್ ತಂಡ ಭಾರತವನ್ನು 3–0ರಿಂದ ಸೋಲಿಸಿದ ವಿಶ್ವಕಪ್ ಅರ್ಹತಾ ಪಂದ್ಯವನ್ನು ನೋಡಿದಂದಿನಿಂದ ಆ ದೇಶದ ಫುಟ್‌ಬಾಲ್ ಬಗ್ಗೆ ನನಗೆ ಆಸಕ್ತಿ. ಅಲಿ ಕರೀಮಿ ಎಂಬ ಆಟಗಾರನ ಪ್ರತಿಭೆಯನ್ನು ಅವರ ಜಗಳಗಂಟ ಸ್ವಭಾವವೇ ಹಾಳು ಮಾಡಿತು ಎಂದು ನಮ್ಮ ಕೋಚ್ ಹೇಳುತ್ತಾರೆ. ಇದು ನಿಜವೇ?
– ಫುಟ್‌ಬಾಲ್ ಅಭಿಮಾನಿ, ಆಸ್ಟಿನ್ ಟೌನ್, ಬೆಂಗಳೂರು

ಉತ್ತರ: ನಿಮ್ಮ ಕೋಚ್ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅದು ಕರೀಮಿ ಅವರಿಗೆ ಪೂರ್ತಿ ನ್ಯಾಯ ಒದಗಿಸುವುದಿಲ್ಲ.

ಮೊದಲು ಆಟದ ಮಾತು. 1978ರಲ್ಲಿ ಕರಜ್ ನಗರದಲ್ಲಿ ಹುಟ್ಟಿದ ಕರೀಮಿ, ಟೆಹರಾನಿನ ಪರ್ಸೆಪೊಲಿಸ್ ಕ್ಲಬ್‌ನಲ್ಲಿ ಹೆಸರು ಮಾಡಿ, ಬಳಿಕ ದುಬೈನ ಅಲ್ ಅಹ್ಲಿ ಸೇರಿದರು. 2004ರ ಏಷ್ಯಾ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ, ಚೀನಾದ ಜಿನಾನ್‌ನಲ್ಲಿ, ದಕ್ಷಿಣ ಕೊರಿಯಾ ಪ್ರತಿ ಸಲವೂ ಬೆನ್ನಟ್ಟಿ ಬಂದು ಸಮಬಲ ಸಾಧಿಸುತ್ತಿದ್ದಾಗ, 77ನೇ ನಿಮಿಷದಲ್ಲಿ ತಮ್ಮ ಮೂರನೆಯ ಗೋಲು ಹೊಡೆದು 4–3ರ ಗೆಲುವು ತಂದುಕೊಟ್ಟವರು ಇವರೇ. ಎದುರಾಳಿ ಕಾಲು ಚಾಚುವವರೆಗೂ ಚೆಂಡನ್ನು ಕಾಲಬಳಿಯೇ ಇರಿಸಿಕೊಂಡು, ಆತ ಚಾಚಿದ ಕ್ಷಣದಲ್ಲೇ ದಿಕ್ಕು ಬದಲಿಸಿ ಪಾರಾಗುವ ಅವರ ಡ್ರಿಬ್ಲಿಂಗ್ ಕಂಡವರು ‘ಏಷ್ಯಾದ ಮರಡೋನಾ’ ಎಂದದ್ದು ನನಗಂತೂ ಅತಿಶಯವೆನಿಸುವುದಿಲ್ಲ. ಆ ವರ್ಷ ಏಷ್ಯಾದ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು. ಮರುವರ್ಷ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಕರೆಯಿತು.

ಜರ್ಮನಿಯಲ್ಲಿ ಅವರು ನಿರೀಕ್ಷಿಸಿದಷ್ಟು ಬೆಳಗಲಿಲ್ಲ. ಅದಕ್ಕೆ ಗಾಯದ ಕಾಟವೂ ಒಂದು ಕಾರಣವಾಗಿತ್ತು. ಸಿಟ್ಟಿನ ವಿಷಯಕ್ಕೆ ಬಂದರೆ, 2006ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ವಿರುದ್ಧ ತಮ್ಮನ್ನು ಮೈದಾನದಿಂದ ಹೊರಕ್ಕೆ ಕರೆಸಿಕೊಂಡಾಗ ಅವರು ಅಸಮಾಧಾನವನ್ನು ಎಲ್ಲರೆದುರು ತೋರಿಸಿದರು, ಮುಂದಿನ ಪಂದ್ಯದಲ್ಲಿ ಆಡಲಿಲ್ಲ. ಇದನ್ನು ನಾನು ಸಮರ್ಥಿಸಲಾರೆ. ತಂಡಕ್ಕೆ ತನ್ನ ಅಗತ್ಯ ಹೆಚ್ಚಿರುವ ಹೊತ್ತಿನಲ್ಲಿ ಹಿರಿಯ ಆಟಗಾರ ಮುನಿಸು ನುಂಗಿಕೊಳ್ಳಬೇಕಾಗುತ್ತದೆ.

ಆದರೆ 2009ರ ಜೂನ್ 17ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದದ್ದನ್ನು ಇದೇ ಪಟ್ಟಿಗೆ ಸೇರಿಸುವುದು ತಪ್ಪು. ಇರಾನಿನ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶದ ವಿರುದ್ಧ ಜನ ಬೀದಿಗಿಳಿದಿದ್ದ ದಿನಗಳವು. ಕೊರಿಯಾ ಎದುರಿನ ಅರ್ಹತಾ ಪಂದ್ಯದಲ್ಲಿ ಕರೀಮಿ ಮತ್ತು ಕೆಲವು ಸಹ ಆಟಗಾರರು ವಿರೋಧಪಕ್ಷದ ಬಣ್ಣವಾದ ಹಸಿರು ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಆಡಿದರು. ಒಂದು ಗೇಣು ಬಟ್ಟೆ ಅಷ್ಟೆ, ಆದರೆ ಅದರ ಬೆಲೆ ಏನೆಂಬುದು ಕಟ್ಟಿಕೊಂಡವರಿಗೆ ಗೊತ್ತಿತ್ತು. ಮರುವರ್ಷ ರಂಜಾನ್ ತಿಂಗಳಲ್ಲಿ ಉಪವಾಸ ಪಾಲಿಸಲಿಲ್ಲವೆಂದು ಸ್ಟೀಲ್ ಅಜಿನ್ ಕ್ಲಬ್ ಅವರನ್ನು ತೆಗೆದುಹಾಕಿ, ಕೆಲವೇ ದಿನಗಳಲ್ಲಿ ವಾಪಸು ಸೇರಿಸಿಕೊಂಡಿತು. ಇದನ್ನೂ ಜಗಳಗಂಟತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ದೇಶಕ್ಕಾಗಿ 127 ಪಂದ್ಯಗಳನ್ನಾಡಿ 38 ಗೋಲು ಗಳಿಸಿದವರ ವೃತ್ತಿಜೀವನ ಹಾಳಾಯಿತೆನ್ನುವುದು ಹೇಗೆ? 2022ರಲ್ಲಿ ಹಿಜಾಬ್ ನಿಯಮ ಉಲ್ಲಂಘಿಸಿದ ಆರೋಪದಲ್ಲಿ ಬಂಧಿತಳಾಗಿದ್ದ ಯುವತಿ ಮಹ್ಸಾ ಅಮಿನಿ ಸಾವಿನ ಬಳಿಕ ಎದ್ದ ಪ್ರತಿಭಟನೆಗಳನ್ನು ಅವರು ವಿದೇಶದಿಂದಲೇ ಬೆಂಬಲಿಸಿದಾಗ, ಇರಾನಿನ ಅಧಿಕಾರಿಗಳು ಲವಾಸಾನ್‌ನಲ್ಲಿದ್ದ ಅವರ ಮನೆಯನ್ನು ಜಪ್ತಿ ಮಾಡಿ, ಅವರ ಗೈರಿನಲ್ಲೇ ಆರೋಪ ಹೊರಿಸಿದರು. ಆ ಹೊತ್ತಿಗೆ ಅವರು ಆಟದಿಂದ ನಿವೃತ್ತರಾಗಿ ಎಂಟು ವರ್ಷಗಳಾಗಿದ್ದವು. ಜಗಳವಾಡಲು ಕೋಚ್ ಇರಲಿಲ್ಲ, ಗೆಲ್ಲಲು ಪಂದ್ಯವಿರಲಿಲ್ಲ.