ಹುರುಪೆ ಕಂಡ ಕೂಡಲೇ ತುರ್ಕಿ ಎನ್ನಬೇಡಿ

ಪ್ರಶ್ನೆ: ಪೋಲೆಂಡಿನ ರಾಜ ಮೂರನೆಯ ಯಾನ್ ಸೊಬಿಯೆಸ್ಕಿಯ ಭಾವಚಿತ್ರ ಮೊಬೈಲಿಗೆ ಬಂದಿತ್ತು. ಮೈತುಂಬ ಮೀನಿನ ಹುರುಪೆಯಂತಹ ಕವಚವಿದೆ. ವಿಯೆನ್ನಾದಲ್ಲಿ ಸೋತ ತುರ್ಕರಿಂದ ಕಸಿದದ್ದೇ? ಭಾರತದಿಂದ ಹೋದದ್ದು ಎಂದೂ ಕೆಳಗೆ ಬರೆದಿದ್ದರು.

ಉತ್ತರ: ಈ ಪ್ರಶ್ನೆ ಎಷ್ಟನೆಯ ಸಲ ಬರುತ್ತಿದೆ ಎಂದು ಎಣಿಸುವುದನ್ನೇ ಬಿಟ್ಟಿದ್ದೇನೆ. ಕವಚ ತುರ್ಕರದೂ ಅಲ್ಲ, ನಮ್ಮದೂ ಅಲ್ಲ, ಪೋಲೆಂಡಿನದೇ. ಹೆಸರು ಕರಾಟ್ಸೆನಾ.

ಅಲ್ಲಿನ ಕುಲೀನರು ತಾವು ಸರ್ಮೇಷಿಯನ್ನರೆಂಬ ಪ್ರಾಚೀನ ಅಲೆಮಾರಿ ಕುದುರೆ ಸವಾರರ ಸಂತತಿ ಎಂದು ನಂಬಿದ್ದರು. ರೋಮಿನಲ್ಲಿರುವ ಚಕ್ರವರ್ತಿ ಟ್ರೇಜನ್‌ನ ವಿಜಯಸ್ತಂಭದಲ್ಲಿ ಆ ಸವಾರರಿಗೂ ಅವರ ಕುದುರೆಗಳಿಗೂ ನಖಶಿಖಾಂತ ಹುರುಪೆಯನ್ನೇ ಕೆತ್ತಿದ್ದಾರೆ. ಪೂರ್ವಜರು ಹೀಗಿದ್ದರೆ ನಾವೂ ಹೀಗೆ ಎಂಬ ಹಟ 17ನೆಯ ಶತಮಾನದ ಉತ್ತರಾರ್ಧದಲ್ಲಿ ಕಮ್ಮಾರರ ಕೈಗೆ ಕೆಲಸ ಕೊಟ್ಟಿತು. ಈ ಕವಚ ತಗಡಿನ ಕವಚಕ್ಕಿಂತ ಭಾರ, ಬೆಲೆಯೂ ಹೆಚ್ಚು. ತೊಟ್ಟು ಮೆರೆಯಲು ಮಾತ್ರ ಹೇಳಿ ಮಾಡಿಸಿದಂತಿತ್ತು.

ಚಿತ್ರವನ್ನು ಹಿಗ್ಗಿಸಿ, ಒಂದೇ ಒಂದು ಹುರುಪೆಯನ್ನು ನೋಡಿ. ಅದರ ಮೇಲೆ ಚುಕ್ಕಿಯಂತೆ ಮಿನುಗುವುದು ರಿವೆಟ್‌ನ ತಲೆ. ಉಕ್ಕಿನ ತುಣುಕನ್ನು ಒಳಗಿನ ಚರ್ಮಕ್ಕೆ ಅದು ಬಿಗಿದಿದೆ. ತುರ್ಕರ ಕವಚವಾದರೆ ಸಾಮಾನ್ಯವಾಗಿ ಉಂಗುರಗಳ ಜಾಲ, ಅದರ ನಡುವೆ ತಗಡು ಕಾಣಬೇಕು. ಪರ್ಷಿಯಾ ಮತ್ತು ಭಾರತದ ಚಾರ್ ಆಯಿನಾ ಎಂಬ ಕವಚದಲ್ಲಿ ಎದೆ, ಬೆನ್ನು, ಪಕ್ಕೆಗಳಿಗೆ ನಾಲ್ಕು ಫಲಕಗಳಿರುತ್ತವೆ. ಜಪಾನಿನದಾದರೆ ಅರಗು ಬಳಿದ ಪಟ್ಟಿಗಳನ್ನು ರೇಷ್ಮೆ ದಾರ ಹೆಣೆದಿರುತ್ತದೆ. ಆಕಾರ ಮೋಸ ಮಾಡುತ್ತದೆ, ಜೋಡಣೆ ಅಷ್ಟು ಸುಲಭವಾಗಿ ಮಾಡುವುದಿಲ್ಲ. ಬೋಳಿಸಿದ ತಲೆ, ಇಳಿಬಿದ್ದ ಮೀಸೆ ನೋಡಿ ತುರ್ಕನೆನ್ನುವುದೂ ತಪ್ಪು, ಪೋಲಿಷ್ ಕುಲೀನರೂ ಹಾಗೆಯೇ ಇರುತ್ತಿದ್ದರು. 1683ರ ವಿಯೆನ್ನಾ ಕಾಳಗದಲ್ಲಿ ತುರ್ಕರ ವಿರುದ್ಧ ಹೋರಾಡಿದ ಪೋಲಿಷರು ತಮ್ಮವರ ಗುರುತಿಗೆ ಹುಲ್ಲು ಕಟ್ಟಿಕೊಂಡಿದ್ದರು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು 'ಭಾರತದ್ದು' ಎನ್ನುವವರಿಗೆ: ನಮ್ಮಲ್ಲಿ ಹುರುಪೆಯ ಕವಚ ಇತ್ತು. ಚಿಪ್ಪುಹಂದಿಯ ಚಿಪ್ಪುಗಳಿಗೆ ಚಿನ್ನದ ಅಲಂಕಾರ ಮಾಡಿದ ಅಂಗಿಯೊಂದು 1820ರಲ್ಲಿ ಬ್ರಿಟನ್ನಿನ ಮೂರನೆಯ ಜಾರ್ಜನಿಗೆ ಉಡುಗೊರೆಯಾಗಿ ಹೋಯಿತು. ಅದಕ್ಕೂ ಸೊಬಿಯೆಸ್ಕಿಗೂ ಏನು ಸಂಬಂಧ? ಆತ ಪಟ್ಟಕ್ಕೇರಿದ್ದೇ 1674ರಲ್ಲಿ.

ಹಣೆಪಟ್ಟಿಯನ್ನೂ ನೆಚ್ಚಬೇಡಿ. ಜಪಾನನ್ನು ಆಳುತ್ತಿದ್ದ ಶೋಗನ್ ಟೊಕುಗಾವ ಹಿದೆತಾದ 1613ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್‌ಗೆ ಕಳಿಸಿದ ಜಪಾನಿ ಕವಚವನ್ನು ಮುಂದೆ ರಾಜರ ಆಯುಧಗಳನ್ನಿಡುತ್ತಿದ್ದ ಕೋಟೆಯಾದ ಲಂಡನ್ ಟವರ್‌ನಲ್ಲಿ ಮೊಘಲ್ ಬಾದಶಹನ ಉಡುಗೊರೆ ಎಂದು ತೋರಿಸುತ್ತಿದ್ದರು. ಟವರ್‌ನವರೇ ಹೀಗಾದರೆ ಹರಾಜಿನ ದಲ್ಲಾಳಿಯನ್ನು ಏನೆನ್ನೋಣ! ಒಂದೇ ಮಸುಕು ಫೋಟೊ ನೋಡಿ ದೇಶ, ಇಸವಿ, ಬೆಲೆ ಮೂರನ್ನೂ ಹೇಳುವವನಿಗೆ ಕಾಸು ಕೊಡಬೇಡಿ. ನಾನೂ ಹೇಳುವುದಿಲ್ಲ, ಕೇಳಬೇಡಿ.

ಪ್ರಶ್ನೆ: ಚಿತ್ರದಲ್ಲಿ ಕವಚವಿದ್ದರೆ ಆತ ಯುದ್ಧ ಮಾಡಿದ್ದನೆಂದೇ ಅರ್ಥವಲ್ಲವೇ?

ಉತ್ತರ: ಅಲ್ಲ. ಕವಚ ಕಾಳಗದಿಂದ ಮರೆಯಾದ ಮೇಲೂ ಯುರೋಪಿನ ದೊರೆಗಳು ಅದನ್ನು ತೊಟ್ಟೇ ಚಿತ್ರಕ್ಕೆ ಕುಳಿತರು.

ಪ್ರಶ್ನೆ: ಮನೆಯಲ್ಲಿ ಹಳೆಯ ಜಾಲಕವಚವಿದೆ. ತುಕ್ಕಿಗೆ ಹುಣಸೆಹಣ್ಣು ಹಾಕಿ ಉಜ್ಜಬಹುದೇ?

ಉತ್ತರ: ಹುಣಸೆಹಣ್ಣಿನಿಂದ ಚೊಂಬು ಉಜ್ಜಿ. ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಕವಚವನ್ನು ಒಣಜಾಗದಲ್ಲಿಟ್ಟು ಸಂರಕ್ಷಣಾ ತಜ್ಞರನ್ನು ಕಾಣಿ.