ಎಂಟು ತಿಂಗಳ ಮಗುವಿಗೆ ನೆಗಡಿ: ಕರ್ಪೂರದೆಣ್ಣೆ ಹಚ್ಚಬಹುದೇ?

ಮೂಗು ಕಟ್ಟಿ ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲ, ಇಂಗ್ಲಿಷ್ ಔಷಧಿ ಬೇಡ, ಅತ್ತೆ ಹೇಳಿದಂತೆ ಕರ್ಪೂರದೆಣ್ಣೆ ಹಚ್ಚಿ ದೊಡ್ಡಪತ್ರೆ ರಸವನ್ನು ಜೇನಿನಲ್ಲಿ ಕೊಡಲೇ ಎಂದು ಕೇಳಿದ್ದೀರಿ. ಔಷಧಿಯ ಬಗ್ಗೆ ನಿಮ್ಮ ಅನಿಸಿಕೆ ಸರಿಯೇ ಇದೆ. ಸಾದಾ ನೆಗಡಿ ವೈರಸ್ಸಿನದು, ಆ್ಯಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಕೆಮ್ಮಿನ ಸಿರಪ್ಪೂ ಈ ವಯಸ್ಸಿಗೆ ಸಲ್ಲದು. ಆದರೆ ಕರ್ಪೂರ, ಜೇನು ಎರಡನ್ನೂ ಬಿಡಿ.

ಕರ್ಪೂರ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಎಳೆ ಮಕ್ಕಳಿಗೆ ಫಿಟ್ಸ್ ಬರಿಸಬಲ್ಲದು. ನೀಲಗಿರಿ ಎಣ್ಣೆಯೂ ಹಾಗೆಯೇ. ಜೇನಿನಲ್ಲಿ ಬಾಟ್ಯುಲಿಸಂ (ಸ್ನಾಯುಗಳ ಬಲ ಕುಂದಿಸುವ ಅಪಾಯಕಾರಿ ಕಾಯಿಲೆ) ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅದು ಮೊಳೆತು ವಿಷ ಬಿಡುತ್ತದೆ. ಕಾಡುಜೇನಾದರೂ ಅಷ್ಟೇ, ಬಿಸಿ ಮಾಡಿದರೂ ಅಷ್ಟೇ. ವರ್ಷ ದಾಟಿದ ಮೇಲೆ ರಾತ್ರಿ ಮಲಗುವಾಗ ಅರ್ಧ ಚಮಚ ಜೇನು ಕೆಮ್ಮಿಗೆ ನಿಜಕ್ಕೂ ಒಳ್ಳೆಯದು. ದೊಡ್ಡಪತ್ರೆಯೂ ಅಲ್ಲಿಯವರೆಗೆ ಕಾಯಲಿ. ತೇಯ್ದ ಬಜೆ ನೆಕ್ಕಿಸುವುದನ್ನಂತೂ ನಾನು ಒಪ್ಪುವುದಿಲ್ಲ: ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದ ಬೀಟಾ-ಅಸರೋನ್ ಎಂಬ ರಾಸಾಯನಿಕ ಅದರಲ್ಲಿರುವ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು.

ಈಗ ಬೇಕಾಗಿರುವುದು ಉಪ್ಪುನೀರಿನ ಹನಿ. ಮೆಡಿಕಲ್ ಶಾಪಿನಲ್ಲಿ ಸಲೈನ್ ಡ್ರಾಪ್ಸ್ ಕೇಳಿ, ಲೇಬಲ್ ಓದಿ: ಸೋಡಿಯಂ ಕ್ಲೋರೈಡ್ ಅಂತ ಮಾತ್ರ ಇರಬೇಕು. ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಅಂತಿದ್ದರೆ ವಾಪಸ್ ಕೊಡಿ, ಅವು ರಕ್ತನಾಳ ಕುಗ್ಗಿಸಿ ಮೂಗು ಬಿಡಿಸುವ ಔಷಧಿಗಳು, ಈ ವಯಸ್ಸಿಗೆ ಸಲ್ಲದು. ಬಾಟಲಿ ನೋಡಲು ಒಂದೇ ಥರ ಇರುತ್ತದೆ, ಎಡವುವುದು ಇಲ್ಲೇ.

ಹಾಲು ಕೊಡುವ ಹತ್ತು-ಹದಿನೈದು ನಿಮಿಷ ಮೊದಲು ಮಗುವನ್ನು ಅಂಗಾತ ಮಲಗಿಸಿ, ಭುಜದ ಕೆಳಗೆ ಮಡಿಸಿದ ಟವೆಲ್ ಇಡಿ. ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಬಿಟ್ಟು ಒಂದು ನಿಮಿಷ ಕಾಯಿರಿ. ಸೀನಿದರೆ ಗೊಣ್ಣೆ ತಾನೇ ಈಚೆ ಬರುತ್ತದೆ. ಬರದಿದ್ದರೆ ಗೊಣ್ಣೆ ಎಳೆಯುವ ರಬ್ಬರ್ ಬಲ್ಬನ್ನು ಹೊರಗೇ ಅದುಮಿ ಹಿಡಿದು, ತುದಿಯನ್ನು ಹೊಳ್ಳೆಯ ಬಾಯಿಗೆ ಇಟ್ಟ ಮೇಲೆ ಕೈ ಸಡಿಲಿಸಿ. ಒಳಗಿಟ್ಟು ಅದುಮಿದರೆ ಗೊಣ್ಣೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಬಲ್ಬಿನಿಂದ ಎಳೆಯುವುದು ದಿನಕ್ಕೆ ಮೂರ್ನಾಲ್ಕು ಸಲ ಸಾಕು, ಹೆಚ್ಚಾದರೆ ಒಳಪದರ ಊದಿಕೊಂಡು ಮತ್ತೆ ಕಟ್ಟುತ್ತದೆ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಿ.

ಅತ್ತೆಯವರಿಗೆ ಎಣ್ಣೆ ಹಚ್ಚಲೇಬೇಕೆಂದಿದ್ದರೆ ಮೈಗೆ ಬರೀ ಕೊಬ್ಬರಿ ಎಣ್ಣೆ ಹಚ್ಚಲಿ. ಮೂಗಿಗೆ ಒಂದು ತೊಟ್ಟೂ ಬಿಡಬಾರದು, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯೂ ಬೇಡ.

ಮಗು ನಿದ್ದೆಯಲ್ಲಿದ್ದಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಈ ವಯಸ್ಸಿಗೆ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಹಾಲನ್ನೇ ಬಿಟ್ಟರೆ ಅಥವಾ ಉಚ್ಚೆ ತೀರಾ ಕಡಿಮೆಯಾದರೆ ಆಸ್ಪತ್ರೆಗೆ ಆಗಲೇ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ.