ಯಕ್ಷಗಾನದ ಫೋಟೋ ಮಸುಕು ಬರ್ತಿದೆ, ಯಾವ ಲೆನ್ಸ್ ತಗೊಳ್ಳಲಿ?

ಪ್ರಶ್ನೆ: ನಾನು ಬ್ರಹ್ಮಾವರದವನು. ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ತಗೊಂಡಿದ್ದೇನೆ, ಜೊತೆಗೆ 18-55 ಲೆನ್ಸ್ ಬಂದಿದೆ. ಹಗಲು ಮಲ್ಪೆಯಲ್ಲಿ ತೆಗೆದರೆ ಫೋಟೋ ಚೆನ್ನಾಗಿ ಬರುತ್ತದೆ. ರಾತ್ರಿ ಬಯಲಾಟಕ್ಕೆ ಹೋದರೆ ಒಂದೋ ಕಪ್ಪು, ಇಲ್ಲವೇ ವೇಷದ ಕೈಕಾಲೆಲ್ಲ ಮಸುಕು. ಅಂಗಡಿಯವರು 75-300 ತಗೊಳ್ಳಿ ಅನ್ನುತ್ತಾರೆ. ಹತ್ತು ಹನ್ನೊಂದು ಸಾವಿರಕ್ಕಿಂತ ಜಾಸ್ತಿ ಹಾಕಲು ಆಗುವುದಿಲ್ಲ.

ಉತ್ತರ: 75-300 ಬೇಡ. ನಿಮ್ಮ ತೊಂದರೆ ಇರುವುದು ಬೆಳಕಿನದ್ದು. ಆ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅದೂ ಎಫ್ 5.6ಕ್ಕೇ ಬಂದು ನಿಲ್ಲುತ್ತದೆ (ಎಫ್ ಅಂಕಿ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ), ಮೇಲಾಗಿ ಕೈ ನಡುಕ ತಡೆಯುವ ಐಎಸ್ ಅದರಲ್ಲಿಲ್ಲ. ದೂರದ್ದು ಹತ್ತಿರ ಕಾಣುತ್ತದೆ ನಿಜ, ಮಸುಕೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ!

ಕ್ಯಾನನ್ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ ತಗೊಳ್ಳಿ. 2015ರಲ್ಲಿ ಬಂದದ್ದು, ತೂಕ 160 ಗ್ರಾಂ, ನಿಮ್ಮ ಬಜೆಟ್ಟಿಗೆ ಹೊಂದುತ್ತದೆ. ಈಗಿರುವ 18-55ನ್ನು 55ಕ್ಕೆ ತಿರುಗಿಸಿದಾಗ ಎಫ್ 5.6 ಸಿಗುತ್ತದೆ, ಅಲ್ವಾ? 1.8ರಲ್ಲಿ ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅಂದರೆ ಅದೇ ಐಎಸ್ಓದಲ್ಲಿ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) 1/25 ಸೆಕೆಂಡಿನ ಶಟರ್ ವೇಗಕ್ಕೆ ಹೊಡೆಯುತ್ತಿದ್ದ ಫೋಟೋವನ್ನು ಈಗ 1/250ಕ್ಕೆ ಹೊಡೆಯಬಹುದು. ಧಿಗಿಣ ಹಾಕುವಾಗ ವೇಷ ಗಾಳಿಯಲ್ಲಿ ಇರುತ್ತದೆ, 1/25ಕ್ಕೆ ಅದು ಯಾವತ್ತೂ ಸಿಗುವುದಿಲ್ಲ. ಕ್ಯಾಮೆರಾ ಜೊತೆ ಬಂದ ನಿಮ್ಮ ಕಿಟ್ ಲೆನ್ಸಿನಲ್ಲಿ ಐಎಸ್ ಇದ್ದರೂ ಸುಮ್ನೆ, ಅದು ನಿಮ್ಮ ಕೈಯ ನಡುಕ ತಡೆಯುತ್ತದೆ ಹೊರತು ಕುಣಿಯುವವರನ್ನು ನಿಲ್ಲಿಸುವುದಿಲ್ಲ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಆಟಕ್ಕೆ ಹೋಗುವಾಗ ಕಿಟ್ ಲೆನ್ಸನ್ನು 50ಕ್ಕೆ ಇಟ್ಟು, ತಿರುಗದ ಹಾಗೆ ಸಣ್ಣ ತುಂಡು ಟೇಪ್ ಹಚ್ಚಿ, ನೀವು ಯಾವಾಗಲೂ ಕೂರುವ ಜಾಗದಲ್ಲೇ ಕೂತು ನೋಡಿ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಹಾಗಾಗಿ 50 ಅಂದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ 80ರಷ್ಟು ಬಿಗಿಯಾಗಿ ಕಾಣುತ್ತದೆ. ಮೊದಲ ಸಾಲಿನಲ್ಲಿ ಕೂತರೆ ಒಂದೇ ವೇಷಕ್ಕೆ ಸರಿ, ಆದರೆ ಭಾಗವತರು, ಚೆಂಡೆ, ಮೂರು ನಾಲ್ಕು ವೇಷ ಎಲ್ಲ ಒಟ್ಟಿಗೆ ಬೇಕೆಂದರೆ ಎದ್ದು ಹಿಂದೆ ಹೋಗಬೇಕಾಗುತ್ತದೆ. ವೇಷಗಳೆಲ್ಲ ಒಟ್ಟಿಗೆ ರಂಗಕ್ಕೆ ಬರುವ ಒಡ್ಡೋಲಗಕ್ಕೆ ಹಿಂದೆ, ಯುದ್ಧಕ್ಕೆ ಮುಂದೆ. ಬಯಲಾಟದಲ್ಲಿ ಓಡಾಡಲು ಜಾಗ ಇರುತ್ತದೆ, ಸಭಾಭವನದಲ್ಲಿ ಕಷ್ಟ.

ಲೆನ್ಸ್ ಬಂದ ಮೇಲೆ ಎಲ್ಲ ನಾವೇ ಹೊಂದಿಸುವ ಎಂ ಮೋಡ್‌ಗೆ ಹಾಕಿ ಎಫ್ 2, 1/250, ಐಎಸ್ಓ 1600ರಿಂದ ಶುರು ಮಾಡಿ, ಕತ್ತಲಾದರೆ 3200. ಆಟೋದಲ್ಲಿ ಬಿಟ್ಟರೆ ಹಿಂದಿನ ಕಪ್ಪು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿ, ಮುಖವರ್ಣಿಕೆ ಪೂರ್ತಿ ಬಿಳಿಚಿಕೊಳ್ಳುತ್ತದೆ. ರಂಗಸ್ಥಳಕ್ಕೆ ಹಳೇ ಟ್ಯೂಬ್‌ಲೈಟ್ ಹಾಕಿದ್ದರೆ ಒಂದು ಫೋಟೋ ಹಳದಿ, ಇನ್ನೊಂದು ಮಂಕು ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್, ಆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಂಥ ಕಡೆ 1/100ಕ್ಕೆ ಇಳಿದು, ವೇಷ ಒಂದು ಕ್ಷಣ ನಿಂತಾಗ ಹೊಡೆಯಿರಿ. ಫೋಕಸ್ ಕಣ್ಣಿಗೇ ಇರಲಿ. ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಎರಡು ಮೀಟರ್ ದೂರದಿಂದ 1.8ರಲ್ಲಿ ತೆಗೆದರೆ ಸ್ಪಷ್ಟ ಬರುವುದು ಹಿಂದೆ ಮುಂದೆ ಸೇರಿ ಅರ್ಧ ಗೇಣು ಮಾತ್ರ. ಕಣ್ಣು ಚೆನ್ನಾಗಿ ಬಂದು ಕಿರೀಟದ ತುದಿ ಮಸುಕಾದರೆ ಲೆನ್ಸ್ ಹಾಳಾಗಿದೆ ಅಂತ ಅಂಗಡಿಗೆ ಓಡಬೇಡಿ. ಫ್ಲಾಶ್ ಮಾತ್ರ ದಯವಿಟ್ಟು ಬೇಡ, ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ.

ಕಂಬಳಕ್ಕೆ, ಹಕ್ಕಿಗಳಿಗೆ ದೂರದ ಲೆನ್ಸ್ ಬೇಕೇ ಬೇಕು ಅಂದಾಗ 55-250 ಐಎಸ್ ಎಸ್‌ಟಿಎಂ ಹುಡುಕಿ. ಅದು ಹಗಲಿನ ಲೆನ್ಸ್.

ಪ್ರಶ್ನೆ: ಮಂಗಳೂರಿನ ಕಾಲೇಜು ವಿದ್ಯಾರ್ಥಿನಿ. ನನ್ನದು ನಿಕಾನ್ ಡಿ3500. ಹಳೇ 50 ಎಂಎಂ 1.8ಡಿ ಕಮ್ಮಿಗೆ ಸಿಗುತ್ತಿದೆ, ತಗೊಳ್ಳಬಹುದಾ?

ಉತ್ತರ: ಲೆನ್ಸ್ ಒಳ್ಳೆಯದೇ, ಆದರೆ ನಿಮ್ಮ ಕ್ಯಾಮೆರಾದಲ್ಲಿ ಆಟೋಫೋಕಸ್ ಆಗುವುದಿಲ್ಲ. ಆ ಲೆನ್ಸಿನೊಳಗೆ ಮೋಟಾರ್ ಇಲ್ಲ, ಡಿ3500 ಬಾಡಿಯಲ್ಲೂ ಇಲ್ಲ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವ ತಾಳ್ಮೆ ಇದ್ದರೆ ಸರಿ. ಇಲ್ಲದಿದ್ದರೆ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್ 1.8ಜಿ ನೋಡಿ, ಮನೆಯೊಳಗೆ, ಕ್ಲಾಸಿನಲ್ಲಿ 50ಕ್ಕಿಂತ ಅದೇ ಉಪಯೋಗಕ್ಕೆ ಬರುತ್ತದೆ.

ಯಾವುದೇ ಹಳೇ ಲೆನ್ಸ್ ಆದರೂ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ನಿಕಾನ್ ಆದರೆ ಹಿಂಬದಿಯ ಸಣ್ಣ ಲಿವರ್ ಒತ್ತಿ ಹಿಡಿದರೆ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ತೆರೆಯುತ್ತದೆ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬ್ಯಾಗಿನೊಳಗೇ ಮುಚ್ಚಿಟ್ಟ ಹೊಸ ಲೆನ್ಸಿಗೂ ಅದು ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟು ಸಾಕು. ಜೆಲ್ಲಿನ ಬಣ್ಣ ಬದಲಾದ ಕೂಡಲೇ ಹೊಸದು ಹಾಕಿ.